ರೆಬೆಲ್ 300 ಮತ್ತು ಮೀಟಿಯರ್ 350: ಯಾವುದು ಸೂಕ್ತ?

ನಿಮ್ಮ ಎತ್ತರ ಕಡಿಮೆಯೆಂದೂ, ಇದು ನಿಮ್ಮ ಮೊದಲ ಬೈಕೆಂದೂ, ರಜಾದಿನಗಳಲ್ಲಿ ಪತ್ನಿಯೊಡನೆ ದೂರ ಪ್ರಯಾಣಿಸುವ ಆಸೆಯಿದೆಯೆಂದೂ ತಿಳಿಸಿ, ಹೋಂಡಾ ರೆಬೆಲ್ 300 ಮತ್ತು ರಾಯಲ್ ಎನ್‌ಫೀಲ್ಡ್ ಮೀಟಿಯರ್ 350ರಲ್ಲಿ ಯಾವುದನ್ನು ಆರಿಸಬೇಕೆಂದು ಕೇಳಿದ್ದೀರಿ.

ಎತ್ತರವೊಂದನ್ನೇ ನೋಡಿದರೆ ರೆಬೆಲ್ ಮೇಲು. ಅದರ ಸೀಟು ನೆಲದಿಂದ 690 ಮಿ.ಮೀ. ಎತ್ತರದಲ್ಲಿದೆ, ಮೀಟಿಯರ್‌ನದು 765. ತೂಕದಲ್ಲಿಯೂ ರೆಬೆಲ್ ಹಗುರ. ಮೀಟಿಯರ್ 191 ಕೆ.ಜಿ. ತೂಗುತ್ತದೆ. ಆದರೆ ಸೀಟು ಅಗಲವಾಗಿದ್ದಷ್ಟೂ ಕಾಲು ನೆಲಕ್ಕೆ ಎಟಕುವುದು ಕಷ್ಟವಾಗುವುದರಿಂದ ಅಂಕಿಗಳನ್ನಷ್ಟೇ ನಂಬಬೇಡಿ; ಬೈಕಿನ ಮೇಲೆ ಕುಳಿತು, ಎರಡೂ ಪಾದಗಳನ್ನು ಊರಿ, ಅದನ್ನು ಕಾಲಿನಿಂದಲೇ ಹಿಂದಕ್ಕೆ ತಳ್ಳಿ ನೋಡಿ.

ನಿಜವಾದ ವ್ಯತ್ಯಾಸವಿರುವುದು ಎಂಜಿನ್ನಿನ ಸ್ವಭಾವದಲ್ಲಿ. ಮೀಟಿಯರ್‌ನ 349 ಸಿ.ಸಿ. ಎಂಜಿನ್ 27 ನ್ಯೂಟನ್ ಮೀಟರ್ ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು, ನಿಮಿಷಕ್ಕೆ 4000 ಸುತ್ತುಗಳಲ್ಲೇ (ಆರ್‌ಪಿಎಂ) ಕೊಡುವುದರಿಂದ, ಇಬ್ಬರು ಕುಳಿತು ಏರು ಹತ್ತುವಾಗ ಪದೇ ಪದೇ ಗೇರ್ ಇಳಿಸಬೇಕಾಗುವುದಿಲ್ಲ. ರೆಬೆಲ್‌ನ 286 ಸಿ.ಸಿ. ಎಂಜಿನ್ ಹೆಚ್ಚು ಚುರುಕಾದರೂ ಅದನ್ನು ಮೇಲಿನ ಆರ್‌ಪಿಎಂನಲ್ಲಿ ಓಡಿಸಬೇಕು. ಹಿಂಬದಿ ಸೀಟೂ ಬಹಳ ಚಿಕ್ಕದು. ಟ್ಯಾಂಕಿಗೆ ಸುಮಾರು 11 ಲೀಟರ್ ಹಿಡಿಯುತ್ತದೆ, ಮೀಟಿಯರ್‌ಗೆ 15.

ಒಬ್ಬರೇ ಓಡಾಡುವುದಾದರೆ ರೆಬೆಲ್ ತೆಗೆದುಕೊಳ್ಳಿ ಎನ್ನುತ್ತಿದ್ದೆ. ಇಬ್ಬರ ಪ್ರಯಾಣಕ್ಕಾದರೆ ನನ್ನ ಆಯ್ಕೆ ಮೀಟಿಯರ್. ಟೆಸ್ಟ್ ರೈಡ್‌ಗೆ ಪತ್ನಿಯನ್ನೂ ತಪ್ಪದೆ ಕರೆದುಕೊಂಡು ಹೋಗಿ.