ಮೆಡ್‌ವೇ ಕ್ವೀನ್: ವಿಹಾರದ ಹಡಗು ಮೈನ್‌ಸ್ವೀಪರ್ ಆದದ್ದು ಹೇಗೆ?

ಜನ ಪಿಕ್ನಿಕ್‌ಗೆ ಹೋಗುತ್ತಿದ್ದ ಹಡಗು ಸಮುದ್ರದ ಮೈನ್ (ಹಡಗು ಒಡೆಯಲು ನೀರಿನಡಿ ಇಟ್ಟ ಬಾಂಬ್) ತೆಗೆಯುವುದಾದರೂ ಹೇಗೆ ಅಂತ ಕೇಳಿದ್ದೀರಲ್ಲ, ಮೆಡ್‌ವೇ ಕ್ವೀನ್ ಕತೆ ನೋಡಿ. 1924ರಲ್ಲಿ ಸ್ಕಾಟ್ಲೆಂಡಿನ ಟ್ರೂನ್‌ನಲ್ಲಿ ಕಟ್ಟಿದ ಹಡಗು. ಸುಮಾರು 180 ಅಡಿ ಉದ್ದ, ಎರಡೂ ಪಕ್ಕದಲ್ಲಿ ನೀರು ತಳ್ಳಿ ಹಡಗು ಸಾಗಿಸುವ ದೊಡ್ಡ ಚಕ್ರ. ಬೇಸಿಗೆಯಲ್ಲಿ ಇಂಗ್ಲೆಂಡಿನ ಥೇಮ್ಸ್ ನದಿಯ ಅಳಿವೆಯ ಊರುಗಳಿಗೆ ಜನರನ್ನು ಸುತ್ತಾಡಿಸುತ್ತಿತ್ತು, ಅಷ್ಟೇ.

1939ರಲ್ಲಿ ಎರಡನೇ ಮಹಾಯುದ್ಧಕ್ಕೆ ಬ್ರಿಟನ್ನಿನ ನೌಕಾಪಡೆ ಇದನ್ನು ತೆಗೆದುಕೊಂಡಿತು. ಯಾಕೆ ಇದೇ ಅಂದರೆ, ಇಂಥ ಹಡಗು ನೀರಿನಲ್ಲಿ ಜಾಸ್ತಿ ಆಳ ಇಳಿಯಲ್ಲ, ಹಾಗಾಗಿ ಕೆಳಗಿರುವ ಮೈನ್‌ಗೆ ತಾಗುವ ಸಂಭವ ಕಡಿಮೆ. ಹಿಂಭಾಗ ಬದಲಿಸಿ, ಮೈನ್ ತೆಗೆಯುವ ಸಾಮಾನು ಜೋಡಿಸಿದರು. ಕೆಲಸ ಹೀಗೆ: ಹಿಂದೆ ಉದ್ದ ಉಕ್ಕಿನ ಹಗ್ಗ ಎಳೆದುಕೊಂಡು ಹೋಗುವುದು, ಅದು ಮೈನನ್ನು ತಳಕ್ಕೆ ಕಟ್ಟಿದ ತಂತಿಯನ್ನು ಕತ್ತರಿಸುತ್ತದೆ, ಮೈನ್ ಬುಳಕ್ಕನೆ ಮೇಲೆ ತೇಲುತ್ತದೆ, ಆಮೇಲೆ ದೂರದಿಂದ ರೈಫಲ್ ಗುಂಡು ಹೊಡೆಯುವುದು. ತೇಲುವಾಗ ಹತ್ತಿರ ಇದ್ದರೆ ಕತೆ ಮುಗೀತು!

ಆದರೆ ಹೆಸರು ಬಂದಿದ್ದು ಮೈನ್‌ನಿಂದ ಅಲ್ಲ. 1940ರಲ್ಲಿ ಜರ್ಮನ್ ಸೇನೆ ಸುತ್ತುವರಿದಿದ್ದ ಫ್ರಾನ್ಸಿನ ಬಂದರು ಡನ್‌ಕರ್ಕ್‌ಗೆ 7 ಸಲ ಹೋಗಿ, ಅಲ್ಲಿ ಸಿಕ್ಕಿಬಿದ್ದಿದ್ದ ಸುಮಾರು 7000 ಸೈನಿಕರನ್ನು ಕರೆತಂದಿತು. ಇದರ ಜೊತೆಗಿದ್ದ ಮೈನ್‌ಸ್ವೀಪರ್ ತಂಡದ ಹಡಗು ಬ್ರೈಟನ್ ಬೆಲ್, ಮುಳುಗಿದ್ದ ಇನ್ನೊಂದು ಹಡಗಿಗೆ ಬಡಿದು ಮುಳುಗುವಾಗ ಅದರ ಜನರನ್ನೂ ಇದೇ ಹತ್ತಿಸಿಕೊಂಡಿತು.

ಯುದ್ಧ ಮುಗಿದ ಮೇಲೆ ಸುಮ್ನೆ ಹಳೇ ಕೆಲಸಕ್ಕೆ ವಾಪಸ್, 1963ರವರೆಗೂ. ಆಮೇಲೆ ಇಂಗ್ಲೆಂಡಿನ ದಕ್ಷಿಣ ತೀರದ ವೈಟ್ ದ್ವೀಪದಲ್ಲಿ ಕ್ಲಬ್ ಆಗಿತ್ತು, ನಂಬ್ತೀರಾ? ಈಗ ಬ್ರಿಸ್ಟಲ್‌ನಲ್ಲಿ ರಿವೆಟ್ ಹೊಡೆದು ಕಟ್ಟಿದ ಹೊಸ ಒಡಲಿನೊಂದಿಗೆ ಇಂಗ್ಲೆಂಡಿನ ಗಿಲಿಂಗ್‌ಹ್ಯಾಮ್‌ನಲ್ಲಿ ನಿಂತಿದೆ.