ದುಬಾರಿ ಬದುಕು, ಒಡೆದ ಸದನ: ಪೆನ್ಸಿಲ್ವೇನಿಯಾ ಬಗ್ಗೆ ಓದುಗರ ಪ್ರಶ್ನೆಗಳು

ಅಮೆರಿಕದ ರಾಜ್ಯಗಳಲ್ಲಿ ಈಗ ಎಲ್ಲಿ ನೋಡಿದರೂ ಮನೆಖರ್ಚಿನದೇ ಮಾತು. 2025ರ ನವೆಂಬರ್‌ನಲ್ಲಿ ವರ್ಜೀನಿಯಾದ ಅಬಿಗೇಲ್ ಸ್ಪ್ಯಾನ್‌ಬರ್ಗರ್, ನ್ಯೂಜೆರ್ಸಿಯ ಮಿಕಿ ಶೆರಿಲ್ ಇದನ್ನೇ ಮುಂದಿಟ್ಟು ಗೆದ್ದರು. ಪೆನ್ಸಿಲ್ವೇನಿಯಾದ ಡೆಮಾಕ್ರಾಟಿಕ್ ಗವರ್ನರ್ ಜಾಶ್ ಶಪೀರೊ 2023ರ ಜನವರಿಯಲ್ಲಿ ಅಧಿಕಾರಕ್ಕೆ ಬಂದಾಗಿನಿಂದ ಹೇಳುತ್ತಿರುವುದೂ ಇದನ್ನೇ: ಜನರ ಖರ್ಚು ತಗ್ಗಬೇಕು, ಅದಕ್ಕಾಗಿ ರಿಪಬ್ಲಿಕನ್ನರ ಜೊತೆ ಕೂತು ಕೆಲಸ ಮುಗಿಸಬೇಕು. ಈ ವಾದದ ಬಗ್ಗೆ ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ನಮ್ಮ ರಾಜ್ಯಪಾಲರಿಗೂ ಬೆಲೆ ಏರಿಕೆಗೂ ಸಂಬಂಧವಿಲ್ಲ. ಅಮೆರಿಕದ ಗವರ್ನರ್ ನಿಜಕ್ಕೂ ಏನನ್ನು ಅಗ್ಗ ಮಾಡಬಲ್ಲರು? — ಬಳ್ಳಾರಿಯ ಓದುಗರು

ಅಲ್ಲಿನ ಗವರ್ನರ್ ಅಧಿಕಾರದಲ್ಲಿ ನಮ್ಮ ಮುಖ್ಯಮಂತ್ರಿಗೆ ಹತ್ತಿರ. ಜನರೇ ನೇರವಾಗಿ ನಾಲ್ಕು ವರ್ಷಕ್ಕೆ ಆರಿಸುತ್ತಾರೆ. ಸದನದಲ್ಲಿ ಬಹುಮತ ಇಲ್ಲದಿದ್ದರೂ ಕುರ್ಚಿ ಅಲುಗದು, ಆದರೆ ಹೊಸದಾಗಿ ಒಂದು ಡಾಲರ್ ಖರ್ಚು ಮಾಡಲೂ ಸದನ ಒಪ್ಪಬೇಕು.

ಮೊಟ್ಟೆಯ ಬೆಲೆ, ಗೃಹಸಾಲದ ಬಡ್ಡಿ, ಆಮದು ಸುಂಕ ಯಾವುದೂ ಗವರ್ನರ್ ಕೈಯಲ್ಲಿಲ್ಲ. ಕೈಯಲ್ಲಿರುವುದು ಮೂರು ಬಗೆ. ಒಂದು, ಸ್ವಂತ ಆದೇಶ. ಅಧಿಕಾರಕ್ಕೆ ಬಂದ ಮರುದಿನವೇ ಶಪೀರೊ ರಾಜ್ಯ ಸರ್ಕಾರದ ಶೇ 92ರಷ್ಟು, ಅಂದರೆ ಸುಮಾರು 65,000 ಹುದ್ದೆಗಳಿಗೆ ನಾಲ್ಕು ವರ್ಷದ ಪದವಿ ಕಡ್ಡಾಯವಲ್ಲ ಎಂದರು. ಕಾಲೇಜು ಸಾಲ ಹೊರದೆ ಸರ್ಕಾರಿ ಕೆಲಸ ಹಿಡಿಯಬಹುದು ಎಂದು ಇದರ ಅರ್ಥ. ಪರವಾನಗಿಯನ್ನು ಗಡುವಿನೊಳಗೆ ಕೊಡದಿದ್ದರೆ ಶುಲ್ಕ ವಾಪಸ್ ಎಂಬ ನಿಯಮವನ್ನೂ ತಂದರು. ಎರಡು, ಕಾನೂನು: ತೆರಿಗೆ ರಿಯಾಯಿತಿ, ಬಾಡಿಗೆ ಮರುಪಾವತಿ ಇತ್ಯಾದಿ. ಇವಕ್ಕೆ ಎರಡೂ ಸದನಗಳ ಮತ ಬೇಕು. ಮೂರು, ರಾಜ್ಯದ ಪರವಾಗಿ ಕೇಂದ್ರದ ನಿಯಂತ್ರಣ ಸಂಸ್ಥೆಗಳ ಮುಂದೆ ದೂರು ಹೂಡುವುದು. ಹೆಚ್ಚು ದುಡ್ಡು ಉಳಿಸಿದ್ದು ಈ ಮೂರನೆಯದೇ. ವಿದ್ಯುತ್ ಪ್ರಶ್ನೆಯ ಉತ್ತರದಲ್ಲಿ ನೋಡಿ.

ಪ್ರಶ್ನೆ: ಎರಡೂ ಪಕ್ಷಗಳು ಕೂಡಿ ಕೆಲಸ ಮಾಡುವುದು ಎನ್ನುವುದು ಭಾಷಣದ ಮಾತಲ್ಲವೇ? ಬಹುಮತ ಇದ್ದವರು ಯಾರಾದರೂ ಹಂಚಿಕೊಳ್ಳುತ್ತಾರೆಯೇ? — ಧಾರವಾಡದ ರಾಜ್ಯಶಾಸ್ತ್ರ ವಿದ್ಯಾರ್ಥಿ

ನಿಮ್ಮ ಅನುಮಾನ ಸರಿಯಾಗಿದೆ, ಆದರೆ ಪೆನ್ಸಿಲ್ವೇನಿಯಾದಲ್ಲಿ ಬಹುಮತವೇ ಎರಡು ಹೋಳಾಗಿದೆ. ಕೆಳಮನೆಯ 203 ಸ್ಥಾನಗಳಲ್ಲಿ ಡೆಮಾಕ್ರಾಟರಿಗೆ 102, ರಿಪಬ್ಲಿಕನ್ನರಿಗೆ 101. ಐವತ್ತು ಸದಸ್ಯರ ಸೆನೆಟ್ ರಿಪಬ್ಲಿಕನ್ನರ ಹಿಡಿತದಲ್ಲಿದೆ. ಒಂದು ಪಕ್ಷದ ಮತಗಳಿಂದಲೇ ಇಲ್ಲಿ ಯಾವ ಮಸೂದೆಯೂ ಪಾಸಾಗದು. ಹಾಗಾಗಿ ಇಲ್ಲಿನ ಮಧ್ಯಮ ಮಾರ್ಗವನ್ನು ಗವರ್ನರ್ ಸ್ವಭಾವಕ್ಕಿಂತ ಹೆಚ್ಚಾಗಿ ಈ ಲೆಕ್ಕದಿಂದಲೇ ಅರ್ಥಮಾಡಿಕೊಳ್ಳಬೇಕು. ಸ್ವಭಾವದ ಪಾತ್ರವೂ ಇದೆ. ಇಂಥದೇ ಲೆಕ್ಕ ಇರುವ ಕಡೆ ಏನೂ ಆಗದೆ ವರ್ಷಗಳು ಕಳೆದದ್ದೂ ಉಂಟು.

ಒಪ್ಪಂದ ಹೇಗೆ ಕುದುರುತ್ತದೆ ಎಂಬುದಕ್ಕೆ 2025–26ರ ಬಜೆಟ್ ಒಳ್ಳೆಯ ಉದಾಹರಣೆ. ಒಟ್ಟು 5,010 ಕೋಟಿ ಡಾಲರ್‌ನ ಈ ಬಜೆಟ್‌ನಲ್ಲಿ ಡೆಮಾಕ್ರಾಟರಿಗೆ ಸಿಕ್ಕಿದ್ದು, ಕಡಿಮೆ ಸಂಬಳಕ್ಕೆ ದುಡಿಯುವವರಿಗೆ ರಾಜ್ಯದ್ದೇ ಆದ ತೆರಿಗೆ ಜಮೆ (ಟ್ಯಾಕ್ಸ್ ಕ್ರೆಡಿಟ್). ರಿಪಬ್ಲಿಕನ್ನರಿಗೆ ಸಿಕ್ಕಿದ್ದು, ವಿದ್ಯುತ್ ಸ್ಥಾವರಗಳ ಇಂಗಾಲಕ್ಕೆ ದರ ವಿಧಿಸುವ ಈಶಾನ್ಯ ರಾಜ್ಯಗಳ ಕೂಟದಿಂದ ಪೆನ್ಸಿಲ್ವೇನಿಯಾ ಹೊರಬರುವ ನಿರ್ಧಾರ. ಆ ಕೂಟವನ್ನು ಸೇರುವ ನಿಯಮ 2022ರದು, ಹಿಂದಿನ ಗವರ್ನರ್ ಟಾಮ್ ವುಲ್ಫ್ ಕಾಲದ್ದು. ನ್ಯಾಯಾಲಯದಲ್ಲೇ ಸಿಕ್ಕಿಕೊಂಡು ಅದರಿಂದ ಒಂದು ಡಾಲರೂ ವಸೂಲಾಗಿರಲಿಲ್ಲ. ಜಾರಿಯಾಗದ್ದನ್ನು ಬಿಟ್ಟುಕೊಟ್ಟು ಜಾರಿಯಾಗುವುದನ್ನು ಪಡೆದರು ಎಂಬುದು ಬೆಂಬಲಿಗರ ವಾದ. ಹವಾಮಾನದ ಹೊಣೆಯನ್ನೇ ಮಾರಿದರು ಎಂಬುದು ಪರಿಸರ ಸಂಘಟನೆಗಳ ಸಿಟ್ಟು. ಎರಡೂ ತೂಕದ ಮಾತುಗಳೇ.

ಕೆಟ್ಟದ್ದೂ ಇದೆ. 2023ರಲ್ಲಿ ಖಾಸಗಿ ಶಾಲೆಗೆ ಹೋಗುವ ಮಕ್ಕಳಿಗೆ 10 ಕೋಟಿ ಡಾಲರ್ ವಿದ್ಯಾರ್ಥಿವೇತನ ಕೊಡುವ ರಿಪಬ್ಲಿಕನ್ನರ ಬೇಡಿಕೆಗೆ ಶಪೀರೊ ಒಪ್ಪಿಗೆ ಸೂಚಿಸಿದ್ದರು. ಅದನ್ನು ನಂಬಿ ಸೆನೆಟ್ ಬಜೆಟ್ ಪಾಸು ಮಾಡಿತು. ಕೆಳಮನೆಯಲ್ಲಿ ಸ್ವಪಕ್ಷದವರೇ ಒಪ್ಪಲಿಲ್ಲ. ಆಗ ಅವರು ಆ ಒಂದು ಸಾಲನ್ನಷ್ಟೇ ವೀಟೊ ಮಾಡಿ ಉಳಿದದ್ದಕ್ಕೆ ಸಹಿ ಹಾಕಿದರು. ಸೆನೆಟ್‌ನವರು ಮಾತು ತಪ್ಪಿದರೆಂದು ಮುನಿದರು, ಬಜೆಟ್‌ಗೆ ಪೂರಕ ಕಾನೂನುಗಳು ಡಿಸೆಂಬರ್‌ವರೆಗೆ ಎಳೆದಾಡಿದವು. ಎರಡೂ ಪಕ್ಷಗಳ ನಡುವೆ ನಿಂತವರು ಮೊದಲು ಎಣಿಸಬೇಕಾದ್ದು ಸ್ವಂತ ಪಕ್ಷದ ಮತಗಳನ್ನು ಎಂಬುದು ಆ ವರ್ಷ ಎದ್ದು ಕಂಡಿತು.

ಇನ್ನೊಂದು ಬೆಲೆ ಸಮಯ. 2025–26ರ ಬಜೆಟ್ ಜೂನ್ 30ಕ್ಕೆ ಮುಗಿಯಬೇಕಿತ್ತು, ಸಹಿ ಬಿದ್ದದ್ದು ನವೆಂಬರ್ 12ಕ್ಕೆ. ಅಷ್ಟೂ ದಿನ ಕೌಂಟಿಗಳಿಗೆ (ಜಿಲ್ಲಾಡಳಿತಗಳಿಗೆ), ಶಾಲೆಗಳಿಗೆ, ನಿರ್ಗತಿಕರಿಗೆ ನೆರವಾಗುವ ಸಂಸ್ಥೆಗಳಿಗೆ ರಾಜ್ಯದ ಹಣ ನಿಂತಿತ್ತು. ಹಲವರು ಬ್ಯಾಂಕ್ ಸಾಲ ಎತ್ತಿ ಸಂಬಳ ಕೊಟ್ಟರು. ಖರ್ಚು ತಗ್ಗಿಸುತ್ತೇವೆ ಎನ್ನುವ ಸರ್ಕಾರ ಈ ಬಡ್ಡಿಯನ್ನೂ ತನ್ನ ಲೆಕ್ಕಕ್ಕೆ ಸೇರಿಸಿಕೊಳ್ಳಲೇಬೇಕು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಫಿಲಡೆಲ್ಫಿಯಾದ ಬಸ್ಸು–ರೈಲು ಸಂಸ್ಥೆ ಸೆಪ್ಟಾದ ಕಥೆಯೂ ಇದೇ. ಮಾರಾಟ ತೆರಿಗೆಯ ಇನ್ನಷ್ಟು ಪಾಲನ್ನು ಸಾರಿಗೆಗೆ ಕೊಡಿ ಎಂಬ ಗವರ್ನರ್ ಪ್ರಸ್ತಾವಕ್ಕೆ ಸೆನೆಟ್ ಒಪ್ಪಲಿಲ್ಲ. 2025ರ ಆಗಸ್ಟ್ 24ರಂದು 32 ಬಸ್ ಮಾರ್ಗಗಳು ನಿಂತವು. ಕೊನೆಗೆ ಹೊಸ ಬಂಡಿ, ದುರಸ್ತಿಗೆಂದು ಇಟ್ಟಿದ್ದ 39.4 ಕೋಟಿ ಡಾಲರ್‌ವರೆಗೆ ದಿನದ ಖರ್ಚಿಗೆ ಬಳಸಲು ರಾಜ್ಯ ಅನುಮತಿ ಕೊಟ್ಟ ಮೇಲೆ ಸೇವೆ ಮರಳಿತು. ಎರಡು ವರ್ಷದ ಗಂಡಾಂತರ ತಪ್ಪಿತು, ಆದರೆ ದುರಸ್ತಿಯ ಹಣ ಕರಗಿತು.

ಪ್ರಶ್ನೆ: ಮಗಳು ಫಿಲಡೆಲ್ಫಿಯಾ ಹತ್ತಿರ ಇದ್ದಾಳೆ. ಕರೆಂಟ್ ಬಿಲ್ ಏರುತ್ತಲೇ ಇದೆ ಅನ್ನುತ್ತಾಳೆ. ಗವರ್ನರ್ ನೋಡಿದರೆ ಕೋಟ್ಯಂತರ ಡಾಲರ್ ಉಳಿಸಿದೆ ಅನ್ನುತ್ತಾರೆ. ಯಾವುದು ನಿಜ? — ಮೈಸೂರಿನ ಓದುಗರು

ಎರಡೂ ನಿಜ. ಪೆನ್ಸಿಲ್ವೇನಿಯಾ ಸೇರಿ 13 ರಾಜ್ಯಗಳು ಮತ್ತು ವಾಷಿಂಗ್ಟನ್ ಡಿಸಿಯ ವಿದ್ಯುತ್ ಜಾಲವನ್ನು ನಡೆಸುವುದು ಪಿಜೆಎಂ ಎಂಬ ಸಂಸ್ಥೆ. ಬೇಡಿಕೆ ಉತ್ತುಂಗಕ್ಕೆ ಹೋದ ದಿನವೂ ಸ್ಥಾವರಗಳು ಸಿದ್ಧವಾಗಿರಬೇಕಲ್ಲ, ಆ ಸಿದ್ಧತೆಗೇ ಅದು ಹರಾಜು ಹಾಕಿ ಹಣ ಕೊಡುತ್ತದೆ. ಒಂದು ಮೆಗಾವಾಟ್‌ಗೆ ದಿನಕ್ಕೆ ಇಷ್ಟು ಡಾಲರ್ ಎಂದು ದರ ನಿಲ್ಲುತ್ತದೆ. ಜೂನ್‌ನಿಂದ ಮೇವರೆಗೆ ಒಂದು ವರ್ಷ. 2024–25ಕ್ಕೆ ಈ ದರ 28.92 ಡಾಲರ್ ಇತ್ತು. 2025–26ಕ್ಕೆ ಒಮ್ಮೆಲೇ 269.92ಕ್ಕೆ ನೆಗೆಯಿತು.

ಕಾರಣ ಹಲವು. ಹಳೆಯ ಕಲ್ಲಿದ್ದಲು ಸ್ಥಾವರಗಳು ಮುಚ್ಚುತ್ತಿವೆ. ಡೇಟಾ ಸೆಂಟರ್‌ಗಳ ಬೇಡಿಕೆ ಏರುತ್ತಿದೆ. ಹೊಸ ಸ್ಥಾವರಗಳು ಜಾಲಕ್ಕೆ ಸೇರಲು ವರ್ಷಗಟ್ಟಲೆ ಸರದಿಯಲ್ಲಿ ನಿಂತಿವೆ. 2022ರ ಡಿಸೆಂಬರ್‌ನ ಹಿಮಗಾಳಿಯಲ್ಲಿ ಅನಿಲ ಸ್ಥಾವರಗಳು ಕೈಕೊಟ್ಟ ಮೇಲೆ, ಅವುಗಳ ಸಾಮರ್ಥ್ಯವನ್ನು ಮೊದಲಿಗಿಂತ ಕಡಿಮೆ ಎಣಿಸುವ ನಿಯಮವೂ ಬಂತು.

2024ರ ಡಿಸೆಂಬರ್‌ನಲ್ಲಿ ಶಪೀರೊ ಕೇಂದ್ರ ಇಂಧನ ನಿಯಂತ್ರಣ ಆಯೋಗಕ್ಕೆ ದೂರು ಕೊಟ್ಟರು. 2025ರ ಜನವರಿಯಲ್ಲಿ ಪಿಜೆಎಂ ರಾಜಿಗೆ ಬಂತು: ಮುಂದಿನ ಎರಡು ಹರಾಜುಗಳಿಗೆ ಸುಮಾರು 325 ಡಾಲರ್ ಗರಿಷ್ಠ, ಸುಮಾರು 175 ಕನಿಷ್ಠ. ಅದಕ್ಕೂ ಮೊದಲು ಗರಿಷ್ಠ ಮಿತಿ ಸುಮಾರು 500 ಆಗುವುದಿತ್ತು. ಹರಾಜು 2026–27ಕ್ಕೆ 329.17ಕ್ಕೂ 2027–28ಕ್ಕೆ 333.44ಕ್ಕೂ ನಿಂತಿತು, ಎರಡು ಬಾರಿಯೂ ಲೆಕ್ಕ ಹಾಕಿದ ಮಿತಿಗೆ ಬಡಿದೇ. ಮಿತಿ ಇಲ್ಲದಿದ್ದರೆ ಮೊದಲನೆಯದು ಸುಮಾರು 389 ಆಗುತ್ತಿತ್ತೆಂದು ಪಿಜೆಎಂ ಹೇಳಿದೆ.

ಇದನ್ನು ನಿಮ್ಮ ಮಗಳ ಮನೆಗೆ ಇಳಿಸೋಣ. ಉತ್ತುಂಗದ ಹೊತ್ತಿನಲ್ಲಿ ಮನೆ 3 ಕಿಲೊವಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಸಿದ್ಧತೆಯ ಪಾಲು ತಿಂಗಳಿಗೆ 28.92ರ ದರದಲ್ಲಿ ಸುಮಾರು 2.60 ಡಾಲರ್, 269.92ರಲ್ಲಿ 24.30, 329.17ರಲ್ಲಿ 29.60, ಮಿತಿ ಇಲ್ಲದಿದ್ದರೆ 35. ಅಂದರೆ ಬಿಲ್ ಏರಿತು. ಆದರೆ ಇನ್ನೂ ಸುಮಾರು 5.40 ಡಾಲರ್ ಏರುವುದು ತಪ್ಪಿತು. ಒಪ್ಪಂದದ ದಿನ ಹೇಳಿದ 2,100 ಕೋಟಿ ಡಾಲರ್ ಉಳಿತಾಯ ಇಡೀ ಜಾಲದ್ದು, ಎರಡು ವರ್ಷದ್ದು, ದರ ಹಳೆಯ ಮಿತಿಯವರೆಗೂ ಹೋದೀತು ಎಂದು ಊಹಿಸಿದ್ದು.

ಮಿತಿ ಹಾಕಿದ್ದರಿಂದ ಸ್ಥಾವರ ಹುಟ್ಟುವುದಿಲ್ಲ ಎಂಬ ಟೀಕೆಯನ್ನು ತಳ್ಳಿಹಾಕಲಾಗದು. 2025ರ ಡಿಸೆಂಬರ್ ಹರಾಜಿನಲ್ಲಿ ಬೇಕಾದ್ದಕ್ಕಿಂತ 6,600 ಮೆಗಾವಾಟ್‌ಗೂ ಹೆಚ್ಚು ಕೊರತೆ ಬಿತ್ತು. ಅದಕ್ಕೇ 2026ರ ಜನವರಿಯಲ್ಲಿ ಟ್ರಂಪ್ ಆಡಳಿತ ಮತ್ತು ಎರಡೂ ಪಕ್ಷಗಳ ಗವರ್ನರ್‌ಗಳು ಒಟ್ಟಿಗೆ ನಿಂತು, ಮಿತಿಯನ್ನು ಇನ್ನೂ ಎರಡು ವರ್ಷ ಮುಂದುವರಿಸಿ, ಹೊಸ ಸ್ಥಾವರದ ಖರ್ಚನ್ನು ಡೇಟಾ ಸೆಂಟರ್‌ನವರಿಂದ ವಸೂಲು ಮಾಡಿ ಎಂದು ಪಿಜೆಎಂಗೆ ಒತ್ತಾಯಿಸಿದರು. ಶಪೀರೊ ಅಲ್ಲಿದ್ದರು. ಪಕ್ಷ ಮೀರಿದ ರಾಜಕಾರಣ ಎಂದರೆ ನಮಗೆ ಇದೇ: ಒಂದೇ ಬಿಲ್ ಎಲ್ಲರ ಮತದಾರರ ಮನೆಗೂ ಬರುತ್ತಿದೆ.

ಮಗಳು ಮಾಡಬೇಕಾದ್ದು: ಬಿಲ್‌ನಲ್ಲಿ ಪೂರೈಕೆ ಮತ್ತು ವಿತರಣೆ ಎಂದು ಎರಡು ಭಾಗ ಇರುತ್ತವೆ. ವಿತರಣೆ ಬದಲಾಯಿಸಲಾಗದು, ಪೂರೈಕೆದಾರರನ್ನು ಬದಲಿಸಬಹುದು. ಬಿಲ್‌ನಲ್ಲೇ ‘ಪ್ರೈಸ್ ಟು ಕಂಪೇರ್’ ಎಂದು ಒಂದು ಯೂನಿಟ್‌ಗೆ ಇಂತಿಷ್ಟು ಸೆಂಟ್ ಎಂದಿರುತ್ತದೆ. ಅದು ಸಾಮಾನ್ಯವಾಗಿ ಜೂನ್ 1, ಡಿಸೆಂಬರ್ 1ಕ್ಕೆ ಬದಲಾಗುತ್ತದೆ. ರಾಜ್ಯದ ‘ಪಿಎ ಪವರ್ ಸ್ವಿಚ್’ ಜಾಲತಾಣದಲ್ಲಿ ಅದಕ್ಕಿಂತ ಕಡಿಮೆ ದರದವರನ್ನು ಹುಡುಕಲಿ. ಸ್ಥಿರ ದರವನ್ನೇ ಆಯ್ದುಕೊಳ್ಳಲಿ, ಮಧ್ಯದಲ್ಲಿ ಬಿಟ್ಟರೆ ದಂಡ ಇದೆಯೇ ನೋಡಲಿ. ಹೆಚ್ಚಿನವರು ಎಡವುವುದು ಅವಧಿ ಮುಗಿದಾಗ: ಮೊದಲೇ ಎರಡು ನೋಟಿಸ್ ಬರುತ್ತವೆ, ಓದದೆ ಬಿಟ್ಟರೆ ತಿಂಗಳು ತಿಂಗಳಿಗೂ ಬದಲಾಗುವ ದರಕ್ಕೆ ಬೀಳಬಹುದು. ಕ್ಯಾಲೆಂಡರ್‌ನಲ್ಲಿ ಆ ದಿನಾಂಕ ಬರೆದಿಡಲಿ. ಕಡಿಮೆ ಆದಾಯದ ಮನೆಗಳ ಕರೆಂಟನ್ನು ಡಿಸೆಂಬರ್ 1ರಿಂದ ಮಾರ್ಚ್ 31ರವರೆಗೆ ರಾಜ್ಯದ ನಿಯಂತ್ರಣ ಆಯೋಗದ ಅನುಮತಿ ಇಲ್ಲದೆ ಕಡಿತ ಮಾಡುವಂತಿಲ್ಲ ಎಂಬುದೂ ಗೊತ್ತಿರಲಿ.

ಪ್ರಶ್ನೆ: ಅತ್ತೆಗೆ 67 ವರ್ಷ, ಪಿಟ್ಸ್‌ಬರ್ಗ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದಾರೆ. ಬಾಡಿಗೆ ವಾಪಸ್ ಬರುವ ಯೋಜನೆ ಅವರಿಗೆ ಸಿಗುತ್ತದೆಯೇ? — ಶಿವಮೊಗ್ಗದ ಓದುಗರು

ವಯಸ್ಸಿನ ಪ್ರಕಾರ ಸಿಗುತ್ತದೆ. 65 ತುಂಬಿದವರು, 50 ತುಂಬಿದ ವಿಧವೆ–ವಿಧುರರು, 18 ತುಂಬಿದ ಅಂಗವಿಕಲರು ಅರ್ಹರು. 2023ರಲ್ಲಿ ಈ ಯೋಜನೆ ಹಿಗ್ಗಿತು. ಬಾಡಿಗೆದಾರರ ಆದಾಯ ಮಿತಿ ವರ್ಷಕ್ಕೆ 15,000 ಡಾಲರ್‌ನಿಂದ 45,000ಕ್ಕೆ, ಗರಿಷ್ಠ ಮೊತ್ತ 650ರಿಂದ 1,000ಕ್ಕೆ ಏರಿತು. ಮಿತಿ ಈಗ ಬೆಲೆ ಏರಿಕೆಯ ಜೊತೆ ತಾನಾಗಿ ಏರುತ್ತದೆ. ಸಾವಿರ ಸಿಗುವುದು ತೀರಾ ಕಡಿಮೆ ಆದಾಯದವರಿಗೆ. ಮೇಲಿನ ಹಂತದವರಿಗೆ 380.

ಸೋಶಿಯಲ್ ಸೆಕ್ಯುರಿಟಿ (ಕೇಂದ್ರದ ವೃದ್ಧಾಪ್ಯ ಪಿಂಚಣಿ) ಬರುತ್ತಿದ್ದರೆ ಅದರ ಅರ್ಧ ಮಾತ್ರ ಆದಾಯಕ್ಕೆ ಸೇರುತ್ತದೆ. ಪಿಂಚಣಿ, ಬಡ್ಡಿ ಕೂಡ ಎಣಿಕೆಗೆ ಬರುತ್ತವೆ. ಹಿಂದಿನ ವರ್ಷ ಕೊಟ್ಟ ಬಾಡಿಗೆಗೆ ಈ ವರ್ಷ ಅರ್ಜಿ. ಪಿಎ–1000 ನಮೂನೆ, ಜೊತೆಗೆ ಮನೆ ಮಾಲೀಕರು ಸಹಿ ಮಾಡಿದ ಬಾಡಿಗೆ ಪ್ರಮಾಣಪತ್ರ ಬೇಕು. ರಾಜ್ಯದ ‘ಮೈಪಾತ್’ ತಾಣದಲ್ಲಿ ಉಚಿತವಾಗಿ ಸಲ್ಲಿಸಬಹುದು. ಸ್ಥಳೀಯ ಶಾಸಕರ ಕಚೇರಿಯಲ್ಲೂ ದುಡ್ಡಿಲ್ಲದೆ ತುಂಬಿಕೊಡುತ್ತಾರೆ. ಗಡುವು ಜೂನ್ 30, ಸಾಮಾನ್ಯವಾಗಿ ವರ್ಷಾಂತ್ಯದವರೆಗೆ ವಿಸ್ತರಿಸುತ್ತಾರೆ, ಆದರೆ ಅದನ್ನು ನಂಬಿ ಕೂರಬೇಡಿ. ಮಗನ ಮನೆಯಲ್ಲಿ ಬಾಡಿಗೆ ಕೊಡದೆ ಇರುವ ತಂದೆತಾಯಿಗೆ ಬಾಡಿಗೆ ಮರುಪಾವತಿ ಸಿಗದು.

ಪ್ರಶ್ನೆ: ಕನಿಷ್ಠ ವೇತನ ಎಷ್ಟು? — ಕಲಬುರಗಿಯ ಓದುಗರು

ಗಂಟೆಗೆ 7.25 ಡಾಲರ್. 2009ರಿಂದ ಬದಲಾಗಿಲ್ಲ. ಕೆಳಮನೆ ಏರಿಸುವ ಮಸೂದೆ ಪಾಸು ಮಾಡಿದರೂ ಸೆನೆಟ್ ದಾಟಲಿಲ್ಲ. ಈ ಗವರ್ನರ್ ಅವಧಿಯ ದೊಡ್ಡ ಸೋಲು ಇದೆಂದೇ ನಾವು ಎಣಿಸುತ್ತೇವೆ.

ಪ್ರಶ್ನೆ: ಅಲ್ಲಿನ ಸದನದಲ್ಲಿ ನಮ್ಮ ಕಡೆಯವರು ಇದ್ದಾರೆಯೇ? — ಬೆಂಗಳೂರಿನ ಓದುಗರು

ಫಿಲಡೆಲ್ಫಿಯಾದ ಡೆಮಾಕ್ರಾಟಿಕ್ ಸೆನೆಟರ್ ನಿಖಿಲ್ ಸವಾಲ್ ಬೆಂಗಳೂರಿನಿಂದ ವಲಸೆ ಹೋದ ದಂಪತಿಯ ಮಗ. ಶಪೀರೊಗಿಂತ ಮೊದಲೇ, 2022ರಲ್ಲಿ, ಮನೆ ದುರಸ್ತಿ ಯೋಜನೆಗೆ 12.5 ಕೋಟಿ ಡಾಲರ್ ಕೊಡಿಸಿದವರು. ಸೋರುವ ಸೂರು, ಕೆಟ್ಟ ವೈರಿಂಗ್‌ಗೆ ಒಂದು ಮನೆಗೆ 50,000 ಡಾಲರ್‌ವರೆಗೆ. ಹಳ್ಳಿಯ ಹಳೆ ಮನೆಗಳೂ ಸೋರುತ್ತವೆಯಾದ್ದರಿಂದ ರಿಪಬ್ಲಿಕನ್ನರ ಮತವೂ ಬಂತು. ಅದು ಕೋವಿಡ್ ಕಾಲದ ಕೇಂದ್ರದ ಹಣ, ಒಂದೇ ಸಲದ್ದು. ಅರ್ಜಿಗಳು ಹಣಕ್ಕಿಂತ ಬಹಳ ಹೆಚ್ಚು ಬಂದವು.

ಪ್ರಶ್ನೆ: ಹೊಸ ತೆರಿಗೆ ಜಮೆ ನಮ್ಮ ಹುಡುಗರಿಗೆ ಸಿಗುತ್ತದೆಯೇ? — ಹುಬ್ಬಳ್ಳಿಯ ಓದುಗರು

ಮೇಲೆ ಹೇಳಿದ ಬಜೆಟ್ ತಂದ ಈ ಜಮೆ 2025ರ ಆದಾಯದಿಂದ ಜಾರಿ. ಕೇಂದ್ರದ ದುಡಿಮೆ ತೆರಿಗೆ ಜಮೆಯ (ಇಐಟಿಸಿ) ಶೇ 10, ಗರಿಷ್ಠ 805 ಡಾಲರ್. ಕೇಂದ್ರದ್ದು ಸಿಕ್ಕವರಿಗಷ್ಟೇ ರಾಜ್ಯದ್ದು. ಮುಖ್ಯ ಅಡ್ಡಿ ಎರಡು: ಗಂಡ, ಹೆಂಡತಿ ಇಬ್ಬರಿಗೂ ಕೆಲಸಕ್ಕೆ ಮಾನ್ಯವಾದ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ ಇರಬೇಕು, ಹೆಂಡತಿಗೆ ಬರೀ ತೆರಿಗೆ ಗುರುತಿನ ಸಂಖ್ಯೆ ಇದ್ದು ಜಂಟಿಯಾಗಿ ಸಲ್ಲಿಸಿದರೆ ಸಿಗದು. ಇನ್ನು ವಿದ್ಯಾರ್ಥಿ ವೀಸಾದ ಮೊದಲ ವರ್ಷಗಳಲ್ಲಿ ತೆರಿಗೆಯ ಲೆಕ್ಕದಲ್ಲಿ ಅನಿವಾಸಿ ಆಗಿರುವವರಿಗೂ ಸಾಮಾನ್ಯವಾಗಿ ಇಲ್ಲ. ಸಾಫ್ಟ್‌ವೇರ್ ಸಂಬಳದವರ ಆದಾಯ ಹೇಗೂ ಮಿತಿ ದಾಟಿರುತ್ತದೆ. ಗ್ರೀನ್ ಕಾರ್ಡ್ ಸಿಕ್ಕು, ಅಂಗಡಿಯಲ್ಲೋ ಆರೈಕೆ ಕೆಲಸದಲ್ಲೋ ದುಡಿಯುತ್ತಿರುವ ಕುಟುಂಬಗಳು ಇದನ್ನು ಬಿಡಬಾರದು. ಹಿಂದೆ ಕೇಳದೆ ಬಿಟ್ಟ ಕೇಂದ್ರದ ಜಮೆಯನ್ನು ಮೂರು ವರ್ಷದೊಳಗೆ ತಿದ್ದುಪಡಿ ಅರ್ಜಿ ಹಾಕಿ ಪಡೆಯಬಹುದು.