ಕ್ಯಾಸ್ಕೇಡ್ ಅಂದರೆ ಏನು? ಎಲ್ಲೆಲ್ಲಿ ಬಳಸುತ್ತಾರೆ?

ಮೂಲದಲ್ಲಿ ಇದು ಹಂತ ಹಂತವಾಗಿ ಧುಮುಕುವ ಜಲಪಾತದ ಹೆಸರು. ಈಗ ಒಂದರ ಪರಿಣಾಮ ಮುಂದಿನದಕ್ಕೆ ದಾಟುತ್ತ ಹೋಗುವ ಯಾವ ಸರಣಿಗೂ ಸಲ್ಲುತ್ತದೆ.

ನಮಗೆ ಹತ್ತಿರದ ಉದಾಹರಣೆ ಕೆರೆಗಳ ಸರಪಳಿ. ಬೆಂಗಳೂರಿನಲ್ಲಿ ಮಡಿವಾಳ, ಅಗರ ಕೆರೆಗಳ ಕೋಡಿ ನೀರು ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ, ಕೊನೆಗೆ ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ನೀರಷ್ಟೇ ಅಲ್ಲ, ಮೇಲಿನ ಕೆರೆಯ ಕೊಳಚೆಯೂ ಕೆಳಗಿಳಿಯುತ್ತದೆ. ನಡುವಿನ ರಾಜಕಾಲುವೆ ಒತ್ತುವರಿಯಾದರಂತೂ ಮಳೆನೀರು ಮನೆಗಳಿಗೇ ನುಗ್ಗುತ್ತದೆ.

ವಿದ್ಯುತ್ ಜಾಲದಲ್ಲಿ ಒಂದು ಲೈನ್ ಟ್ರಿಪ್ ಆದರೆ ಅದರ ಹೊರೆ ಉಳಿದವುಗಳ ಮೇಲೆ ಬಿದ್ದು ಅವೂ ಟ್ರಿಪ್ ಆಗುತ್ತವೆ. 2012ರ ಜುಲೈ 31ರಂದು ಉತ್ತರ, ಪೂರ್ವ, ಈಶಾನ್ಯ ಗ್ರಿಡ್‌ಗಳು ಕುಸಿದದ್ದು ಹೀಗೇ, ದಕ್ಷಿಣದವರು ಪಾರಾದೆವು.

ವೆಬ್ ಪುಟಗಳ ಬಣ್ಣ, ವಿನ್ಯಾಸ ಹೇಳುವ ಭಾಷೆ ಸಿಎಸ್‌ಎಸ್‌ನ (ಕ್ಯಾಸ್ಕೇಡಿಂಗ್ ಸ್ಟೈಲ್ ಶೀಟ್ಸ್) ಮೊದಲಕ್ಷರವೂ ಇದೇ: ಪುಟದ ಒಂದೇ ಭಾಗಕ್ಕೆ ಸಮಾನ ತೂಕದ ಎರಡು ನಿಯಮಗಳಿದ್ದರೆ ನಂತರ ಬರೆದದ್ದೇ ಗೆಲ್ಲುತ್ತದೆ.